ಅಮಾವಾಸ್ಯೆಗೆ ನಿಂತ ಚಕ್ರಗಳು

ಬಿಸಿಲಿಗೆ ತೂಕವಿಲ್ಲ. ಇಂಚರಾ ಈ ಮಾತನ್ನು ಮಂತ್ರಿಗಳಿಗೆ ಹೇಳಿದ್ದಳು, ಶಾಲೆಯ ಮಕ್ಕಳಿಗೆ ಹೇಳಿದ್ದಳು, ಮದುವೆಯಾದ ಹೊಸತರಲ್ಲಿ ಹಿಟ್ಟಿನ ಗಿರಣಿಯ ಗಂಡನಿಗೂ ಹೇಳಿದ್ದಳು. ಮಂತ್ರಿಗಳು ತಲೆಯಾಡಿಸಿದರು, ಮಕ್ಕಳು ಕಿಸಕ್ಕೆಂದರು. ಗಂಡ ಮಾತ್ರ, "ಹಂಗಾರ ತೂಕ ನಾ ಕೊಡ್ತೀನಿ, ತಗೋ" ಅಂದಿದ್ದ. ತಮಾಷೆಗೆ ಅಂದದ್ದು. ಆದರೆ ಆರು ಜಿಲ್ಲೆಗಳ ಕರೆಂಟು ಇವತ್ತು ನಿಂತಿರುವುದು ಆ ತಮಾಷೆಯ ಮೇಲೆ.

ವಿಷಯ ಇಷ್ಟೇ. ಕರೆಂಟನ್ನು ತಂತಿಯೊಳಗೆ ಕೂಡಿಡಲು ಬರುವುದಿಲ್ಲ. ಹುಟ್ಟಿದ ಗಳಿಗೆಯಲ್ಲೇ ಅದು ಯಾರದೋ ಮನೆಯ ಫ್ಯಾನಿನಲ್ಲಿ, ಯಾರದೋ ಹೊಲದ ಪಂಪಿನಲ್ಲಿ ಖರ್ಚಾಗಬೇಕು. ಹುಟ್ಟಿದ್ದಕ್ಕೂ ಖರ್ಚಾದದ್ದಕ್ಕೂ ತಾಳೆಯಾದರೆ ಅದು ಸೆಕೆಂಡಿಗೆ ಐವತ್ತು ಸಲ ಮಿಡಿಯುತ್ತದೆ. ಖರ್ಚು ಹೆಚ್ಚಾದರೆ ಮಿಡಿತ ಇಳಿಯುತ್ತದೆ. ತೀರಾ ಇಳಿದರೆ ಊರಿಗೆ ಊರೇ ಆರಿಹೋಗುತ್ತದೆ. ಹಿಂದೆಲ್ಲ ಈ ಮಿಡಿತವನ್ನು ಕಾಯುತ್ತಿದ್ದದ್ದು ಭಾರ. ಕಲ್ಲಿದ್ದಲ ಹಬೆಯಿಂದ ತಿರುಗುವ ಟರ್ಬೈನಾಗಲಿ, ಅಣೆಕಟ್ಟಿನ ನೀರು ಬಿದ್ದು ತಿರುಗುವ ಟರ್ಬೈನಾಗಲಿ, ಟನ್ನುಗಟ್ಟಲೆ ಉಕ್ಕು. ಎಲ್ಲೋ ಒಂದು ತಂತಿ ಕಡಿದರೂ ಆ ಉಕ್ಕು ತನ್ನ ಓಟವನ್ನು ಥಟ್ಟನೆ ಬಿಡುವುದಿಲ್ಲ. ಮೊದಲ ಪೆಟ್ಟನ್ನು ತಾನೇ ನುಂಗಿಕೊಂಡು ಉಳಿದವರಿಗೆ ಸುಧಾರಿಸಿಕೊಳ್ಳಲು ಪುರುಸೊತ್ತು ಕೊಡುತ್ತದೆ. ಬಿಸಿಲಿನ ಸೋಲಾರ್ ಹಲಗೆಯಲ್ಲಿ ತಿರುಗುವುದೇನೂ ಇಲ್ಲ. ಗಾಳಿಯ ರೆಕ್ಕೆಗಳು ತಿರುಗುತ್ತವೆ ನಿಜ, ಆದರೆ ಅವುಗಳ ಕರೆಂಟು ಎಲೆಕ್ಟ್ರಾನಿಕ್ ಪೆಟ್ಟಿಗೆಯೊಂದನ್ನು ಹಾದು ಬರುವುದರಿಂದ ಭಾರ ಆಚೆಯೇ ಉಳಿದುಬಿಡುತ್ತದೆ. ಬ್ಯಾಟರಿಗಳು ಗಂಟೆಗಟ್ಟಲೆ ದುಡಿಯುತ್ತವೆ, ಆದರೆ ಏನಾಯಿತೆಂದು ತಿಳಿದು ಎದ್ದು ನಿಲ್ಲುವಷ್ಟರಲ್ಲಿ ಅರ್ಧ ಸೆಕೆಂಡು ಹೋಗಿರುತ್ತದೆ. ಆ ಅರ್ಧ ಸೆಕೆಂಡೇ ಇಂಚರಾಳ ಜೀವಮಾನದ ಕೆಲಸ.

ಅವಳು ಹುಟ್ಟಿದ್ದು ಮಂಡ್ಯದ ಕಡೆ. ತಾತ ಶಿವನಸಮುದ್ರದ ಹಳೆಯ ವಿದ್ಯುದಾಗಾರದಲ್ಲಿ ಫಿಟ್ಟರ್ ಆಗಿದ್ದರು. ಆರು ವರ್ಷದವಳನ್ನು ಒಮ್ಮೆ ಒಳಗೆ ಕರೆದೊಯ್ದು, ಅವಳ ಪುಟ್ಟ ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದಿದ್ದರು. ಗೋಡೆಯೊಳಗಿಂದ ಗುಂಯ್ಯೆನ್ನುವ ನಡುಕ ಮೊಣಕೈವರೆಗೆ ಹತ್ತಿತ್ತು. "ಕಾವೇರವ್ವ ನಡೀತಾವ್ಳೆ, ಗೊತ್ತಾಯ್ತಾ?" ಎಂದಿದ್ದರು ತಾತ. ಗೊತ್ತಾಯ್ತು ಎಂದು ಇಂಚರಾ ಅವತ್ತು ತಲೆಯಾಡಿಸಿದ್ದು ಸುಳ್ಳು. ಗೊತ್ತಾಗಲು ಅವಳು ಎಂಜಿನಿಯರಿಂಗ್ ಓದಬೇಕಾಯಿತು.

ಓದಿ, ಕೆಲಸ ಸಿಕ್ಕಿ, ಬಯಲುಸೀಮೆಯ ಕರಿಗುಡ್ಡಕ್ಕೆ ಬಂದಳು. ಗುಡ್ಡದ ತುಂಬ ಗಾಳಿಯಂತ್ರ, ಕೆಳಗೆ ಬಯಲಿನ ತುಂಬ ಬಿಸಿಲಿನ ಹಲಗೆ, ನಡುವೆ ಅದನ್ನೆಲ್ಲ ಹಂಚುವ ವಿದ್ಯುತ್ ಸಮತೋಲನ ಕೇಂದ್ರ. ಅಲ್ಲೇ ಊರಿನ ಗಿರಣಿಯ ಶರಣಬಸುವನ್ನು ಮದುವೆಯಾದಳು. ಸೊಸೆ ಎಂಜಿನಿಯರು, ಮಗ ಜೋಳ ಬೀಸುವವನು ಎಂದು ಊರು ಒಂದು ವರ್ಷ ಆಡಿಕೊಂಡು, ಆಮೇಲೆ ಬೇಜಾರಾಗಿ ಬಿಟ್ಟಿತು.

ತೂಕ ಕೊಡ್ತೀನಿ ಎಂಬ ಮಾತು ಅವಳ ತಲೆಯೊಳಗೆ ಹೊಕ್ಕು ಕೂತಿತ್ತು. ಜೋಳದ ರೊಟ್ಟಿ ತಟ್ಟದ ಮನೆ ಈ ಸೀಮೆಯಲ್ಲಿಲ್ಲ, ಹಾಗಾಗಿ ಗಿರಣಿಯಿಲ್ಲದ ಊರೂ ಇಲ್ಲ. ಪ್ರತಿ ಗಿರಣಿಯ ನೆಲದಡಿ ಎರಡು ಟನ್ನಿನ ಉಕ್ಕಿನ ಚಕ್ರವೊಂದನ್ನು, ಗಾಳಿ ಹೀರಿ ತೆಗೆದ ಕಬ್ಬಿಣದ ಡ್ರಮ್ಮಿನಲ್ಲಿ ಕೂರಿಸಿದರೆ? ಮೋಟರು ಚಕ್ರವನ್ನು ಹಗಲಿರುಳು ತಿರುಗಿಸುತ್ತಿರಲಿ. ಅದೇ ಮೋಟರಿಗೆ ಬೆಲ್ಟಿನ ಪಟ್ಟಾ ಹಾಕಿ ಗಿರಣಿಯವರು ಬೀಸುಕಲ್ಲನ್ನೂ ಓಡಿಸಿಕೊಳ್ಳಲಿ. ಒಂದು ಚಕ್ರ ಏನೂ ಅಲ್ಲ. ಆದರೆ ನಾನ್ನೂರ ಹನ್ನೆರಡು ಊರುಗಳಲ್ಲಿ ನಾನ್ನೂರ ಹನ್ನೆರಡು ಚಕ್ರಗಳು ಒಂದೇ ಮಿಡಿತಕ್ಕೆ ತಿರುಗಿದರೆ, ಅದೊಂದು ದೊಡ್ಡ ಟರ್ಬೈನೇ. ಒಂಬತ್ತು ವರ್ಷ ಕಚೇರಿಗಳ ಮೆಟ್ಟಿಲು ಸವೆಸಿ ಅವಳು ಅದನ್ನು ಮಾಡಿ ತೋರಿಸಿದ್ದಳು. ಒಂದನೇ ನಂಬರಿನ ಚಕ್ರ ಗಂಡನ ಗಿರಣಿಯದೇ.

ಇನ್ನು ಉಳಿದದ್ದು ಕೊನೆಯ ಹೆಜ್ಜೆ. ಆರು ಜಿಲ್ಲೆಗಳಿಗೆ ಆಸರೆಯಾಗಿದ್ದ ಕಲ್ಲಿದ್ದಲ ಕಟ್ಟಕಡೆಯ ಘಟಕವನ್ನು ಬಸವ ಜಯಂತಿಯ ದಿನ ಮಂತ್ರಿಗಳು ಗುಂಡಿ ಒತ್ತಿ ನಿಲ್ಲಿಸುವುದೆಂದು ಗೊತ್ತಾಗಿತ್ತು. ಅದಕ್ಕೆ ಮೂರು ದಿನ ಮುಂಚೆ ಮಧ್ಯಾಹ್ನ ಹನ್ನೆರಡಕ್ಕೆ ತಾಲೀಮು: ಘಟಕವನ್ನು ಬೇರ್ಪಡಿಸಿ, ಬೇಕೆಂದೇ ಒಂದು ದೊಡ್ಡ ಬಿಸಿಲು ಕರೆಂಟಿನ ಲೈನನ್ನು ಕಡಿದು, ಮಿಡಿತ ತಾಳುತ್ತದೋ ಬೀಳುತ್ತದೋ ನೋಡುವುದು. ಬಸವ ಜಯಂತಿಗೆ ಮೂರು ದಿನ ಮುಂಚೆ ಎಂದರೆ ಪಂಚಾಂಗದಲ್ಲಿ ಯಾವ ದಿನ ಎಂದು ಕೇಂದ್ರದಲ್ಲಿ ಒಬ್ಬರೂ ನೋಡಲಿಲ್ಲ.

ತಾಲೀಮಿನ ದಿನ ಬೆಳಿಗ್ಗೆ ಶರಣಬಸು ಅಡುಗೆಮನೆಯಲ್ಲಿ ಕಡಲೆಬೇಳೆ ರುಬ್ಬಿಕೊಂಡು ಕೂತಿದ್ದ. ಹೋಳಿಗೆಯ ಹೂರಣ. ಈ ಮನೆಯಲ್ಲಿ ಹೋಳಿಗೆ ಮಾಡುವವನು ಅವನೇ. ಇಂಚರಾ ಮಾಡಿದರೆ ಅದಕ್ಕೆ ಬೇರೆ ಹೆಸರು ಇಡಬೇಕಾಗುತ್ತಿತ್ತು.

"ಇವತ್ತರ ಊಟಕ್ಕ ಬರತೀಯೇನ?" ಎಂದ.

"ಇವತ್ತಾ? ಇವತ್ತು ನನ್ನ ಪರೀಕ್ಷೆ ಬಸು. ಒಂಬತ್ತು ವರ್ಷದ್ದು. ನಿಂಗೆ ಹೋಳಿಗೆ ಚಿಂತೆ."

"ಅಮಾಸಿ ಅಲ್ಲೇನ. ಗಿರಣಿ ಬಂದ್. ತೊಳದು, ಪೂಜಿ ಮಾಡಿ, ಉಂಡು ಮಲಗಾಂವ."

"ಭಾಗ್ಯವಂತ. ತಿಂಗಳಿಗೊಂದು ನೆಪ," ಎಂದು ನಕ್ಕು ಅವಳು ಚಪ್ಪಲಿ ಮೆಟ್ಟಿದಳು. ಅಮಾವಾಸ್ಯೆಗೆ ಗಿರಣಿ ನಿಲ್ಲಿಸುವುದು ಶರಣಬಸುವಿನ ತಾಯಿ ಹಾಕಿಕೊಟ್ಟ ಮನೆಯ ಪದ್ಧತಿ, ಅದರಲ್ಲಿ ಮುಕ್ಕಾಲು ಪಾಲು ಗಂಡನ ನಿದ್ದೆಯ ಆಸೆ ಎಂದೇ ಅವಳು ಇಪ್ಪತ್ತೆಂಟು ವರ್ಷ ನಂಬಿದ್ದಳು. ಬೇರೆ ಗಿರಣಿಗಳತ್ತ ಕಣ್ಣು ಹಾಯಿಸಲು ಅವಳು ಊರಲ್ಲಿದ್ದರಲ್ಲವೇ? ಅಮಾವಾಸ್ಯೆ ಬಂದರೆ ಈ ಕಡೆಯ ಸಿಬ್ಬಂದಿಯೆಲ್ಲ ರಜೆ ಕೇಳುತ್ತಿದ್ದರು. ಮಂಡ್ಯದವಳಿಗೇನು ಎಂದು ಅವಳೇ ಡ್ಯೂಟಿ ಹಾಕಿಸಿಕೊಳ್ಳುತ್ತಿದ್ದಳು.

ಕೇಂದ್ರದ ದೊಡ್ಡ ಪರದೆಯ ಮುಂದೆ ಮುಖ್ಯಸ್ಥ ಪ್ರಣವ ಶೆಣೈ ಆಗಲೇ ಅತ್ತಿಂದಿತ್ತ ಓಡಾಡುತ್ತಿದ್ದರು. ಕರಾವಳಿಯವರು, ಒಳ್ಳೆಯ ಮನುಷ್ಯ. ಬೆವರುವುದೊಂದೇ ಅವರ ದೋಷ. "ರಾಜಧಾನಿಯಿಂದ ಸಮಿತಿಯವರು ವಿಡಿಯೋದಲ್ಲಿ ಕೂತಿದ್ದಾರೆ ಮಾರಾಯ್ರೆ. ಇವತ್ತು ಪಾಸಾಗದಿದ್ದರೆ ಕಲ್ಲಿದ್ದಲ ಒಪ್ಪಂದ ಇನ್ನು ಹತ್ತು ವರ್ಷ ಮುಂದುವರಿಸ್ತಾರಂತೆ. ನಿಮ್ಮ ಚಕ್ರಗಳನ್ನೆಲ್ಲ ಕಿತ್ತು ಗುಜರಿಗೆ. ಇನ್ನೊಂದು ಅವಕಾಶ ಇಲ್ಲ."

"ಕಿತ್ತುಹಾಕಲಿ ನೋಡೋಣ," ಎಂದಳು ಇಂಚರಾ. ಬಾಯಲ್ಲಿ ಹಾಗೆಂದರೂ ಲೆಕ್ಕ ಅವಳಿಗೆ ಗೊತ್ತಿತ್ತು. ಈ ತಿಂಗಳ ಕೊನೆಗೆ ಅವಳ ನಿವೃತ್ತಿ. ಹಾಗಾದರೆ ಅವಳು ಬಿಟ್ಟುಹೋಗುವುದು ನೆಲದಲ್ಲಿ ನಾನ್ನೂರ ಹನ್ನೆರಡು ಖಾಲಿ ಗುಂಡಿಗಳನ್ನು ಮಾತ್ರ.

ಒಂಬತ್ತೂವರೆಗೆ ಚಕ್ರಗಳ ನಕ್ಷೆ ತೆರೆದಳು. ಪ್ರತಿ ಗಿರಣಿಗೊಂದು ಚುಕ್ಕೆ. ತಿರುಗುವುದು ಹಸಿರು, ನಿಂತದ್ದು ಕೆಂಪು. ಆರು ಜಿಲ್ಲೆಗಳ ಉದ್ದಗಲಕ್ಕೂ ಕೆಂಪು ಚೆಲ್ಲಿತ್ತು. ಹಸಿರು ಎಣಿಸಿದಳು. ಮೂವತ್ತೊಂದು.

"ನಕ್ಷೆ ಕೆಟ್ಟಿದೆ," ಎಂದರು ಶೆಣೈ, ಕೆಟ್ಟಿರಲಿ ಎಂಬ ಆಸೆಯಿಂದ.

ಗಾಳಿಯಂತ್ರಗಳ ಮೇಜಿನಲ್ಲಿ ಕೂತಿದ್ದ ಜುಲೇಖಾ ಮುಲ್ಲಾ ಕುರ್ಚಿ ತಿರುಗಿಸಿ ನೋಡಿದಳು. ಹತ್ತಿರದ ಹಳ್ಳಿಯವಳು, ಇಪ್ಪತ್ತು ವರ್ಷದ ಅನುಭವ. "ಏನೂ ಕೆಟ್ಟಿಲ್ರಿ. ಇವತ್ತ ಅಮಾಸಿ ಐತಲ್ರಿ. ಗಿರಣಿ ಎಲ್ಲಾ ಬಂದ್ ಇರತಾವ."

"ಎಲ್ಲಾ ಗಿರಣಿಗಳಾ?" ಇಂಚರಾಳ ಧ್ವನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು.

"ನಮ್ಮ ಮಾಮಾನ ಗಿರಣೀನೂ ಬಂದ್ ಇರತೈತ್ರಿ. ನಾವು ಮುಸಲ್ಮಾನರು, ಆದ್ರೂ ಅಮಾಸಿ ದಿನ ಬೀಸಂಗಿಲ್ಲ. ಬೀಸಿದ್ರ ಯಾರು ತರತಾರ್ರಿ ಕಾಳು? ನಿಮ್ಮ ಮನಿಯಾಗ ಗಿರಣಿ ಐತಿ, ನಿಮಗ ಗೊತ್ತಿಲ್ಲೇನ್ರಿ ಮೇಡಂ?"

ಇಂಚರಾ ಹಳೆಯ ವರದಿಗಳನ್ನು ಪರದೆಗೆ ಎಳೆದಳು. ಕಂಪ್ಯೂಟರಿಗೆ ಎಲ್ಲವೂ ಕಂಡಿತ್ತು. ಚಕ್ರ ತಿಂಗಳಿಗೊಮ್ಮೆ ನಿಂತಾಗಲೆಲ್ಲ ಅದು ಒಂದೊಂದು ಗಿರಣಿಯ ಹೆಸರಿನ ಮುಂದೆಯೂ 'ದುರಸ್ತಿ' ಎಂದು ಬರೆದುಕೊಂಡು, ವರ್ಷದ ಕೊನೆಗೆ ನೂರಕ್ಕೆ ತೊಂಬತ್ತಾರು ಚಕ್ರಗಳು ಸದಾ ತಿರುಗುತ್ತವೆ ಎಂದು ಸರಾಸರಿ ಕೊಟ್ಟಿತ್ತು. ಆ ನಾಲ್ಕು ಪಾಲೂ ಒಂದೇ ದಿನ ಒಟ್ಟಿಗೆ ನಿಲ್ಲುತ್ತವೆಂದು ಅದು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಕಲ್ಲಿದ್ದಲ ಟರ್ಬೈನು ಇದ್ದಷ್ಟು ದಿನ ತಾನೇ ಭಾರ ಹೊತ್ತು ಎಲ್ಲರ ಅಮಾವಾಸ್ಯೆಯನ್ನೂ ಸದ್ದಿಲ್ಲದೆ ನಡೆಸಿಕೊಟ್ಟಿತ್ತು.

"ಮುಂದೂಡೋಣ," ಎಂದರು ಶೆಣೈ.

"ಮುಂದೂಡಿದರೂ ಸೋತ ಹಾಗೇ ಅಂತ ಈಗ ತಾನೆ ನೀವೇ ಹೇಳಿದ್ರಿ. ಎಷ್ಟು ಚಕ್ರ ಬೇಕು?"

"ಮುನ್ನೂರ ಅರವತ್ತಾದರೂ ಬೇಕು. ಎರಡೂವರೆ ಗಂಟೆ ಇದೆ."

ಇಂಚರಾ ಗಂಡನಿಗೆ ಫೋನು ಹಚ್ಚಿದಳು. ಶರಣಬಸು ಆರು ಜಿಲ್ಲೆಗಳ ಗಿರಣಿ ಮಾಲೀಕರ ಸಂಘದ ಅಧ್ಯಕ್ಷ. ಆ ಹುದ್ದೆಯನ್ನು ಅವಳು ಇಷ್ಟು ದಿನ ಗೇಲಿ ಮಾಡುತ್ತ ಬಂದಿದ್ದಳು.

"ಬಸು, ಎಲ್ಲರಿಗೂ ಹೇಳು. ಈಗಲೇ ಚಕ್ರ ಶುರು ಮಾಡಬೇಕು."

"ಏನ ಮಾತಾಡ್ತಿ? ಪೂಜಿ ಮಾಡಿ ಕಾಯಿ ಒಡದೀವಿ. ಪೂಜಿ ಆದ ಮಷೀನ ಇವತ್ತ ಮುಟ್ಟಾಂಗಿಲ್ಲ."

"ಇದು ಕೇಂದ್ರದ ಆದೇಶ."

"ಆದೇಶ ನಿನ್ನ ಆಫೀಸಿನಾಗ ಇಟ್ಕೋ," ಎಂದ ಶರಣಬಸು. ಸಿಟ್ಟಿನಿಂದಲ್ಲ, ಹೂರಣ ತಳ ಹಿಡಿಯುತ್ತಿದೆ ಎಂಬ ಅವಸರದಲ್ಲಿ. "ನನ್ನ ಮಾತು ಬಿಡು. ನಾನ್ನೂರು ಮಂದಿ ಕೇಳ್ತಾರೇನ? ಹಿರೇರು ಮಾಡಿದ್ದು ಅದು."

ಇಂಚರಾ ಕಣ್ಣು ಮುಚ್ಚಿದಳು. ಇಷ್ಟು ವರ್ಷದ ಸಂಸಾರದಲ್ಲಿ ತಾನು ಎಂದೂ ಕೇಳದ ಪ್ರಶ್ನೆಯೊಂದು ಅವಳಿಗೆ ಹೊಳೆಯಿತು. ನಾಚಿಕೆಯೂ ಆಯಿತು.

"ಬಸು, ಅತ್ತೆ ಯಾಕೆ ನಿಲ್ಲಿಸ್ತಿದ್ರು? ಕಾರಣ ಏನು ಹೇಳ್ತಿದ್ರು?"

ಆ ಕಡೆ ಸೌಟು ಕೆಳಗಿಟ್ಟ ಸದ್ದು. "ಕಾಳಿನಾಗ ಜೀವ ಇರತೈತಿ ಅಂತಿದ್ಲು ಅವ್ವ. ತಿಂಗಳಪೂರ್ತಿ ಒಡೀತೀವಿ, ಒಂದ ದಿನ ಒಡೀಬಾರದು, ಅದಕ್ಕೂ ಉಸಿರು ಬಿಡಾಕ ಬಿಡಬೇಕು ಅಂತಿದ್ಲು. ಕಲ್ಲಿಗಿ ಅರಿಷಿಣ ಹಚ್ಚಿ, ಕೈ ಮುಗದು, ತಪ್ಪಾತು ಅಂತಿದ್ಲು ಕಾಳಿಗೆ."

ಅತ್ತೆ ಕಲ್ಲಿನ ಮುಂದೆ ಕೂತಿರುತ್ತಿದ್ದದ್ದನ್ನು ಇಂಚರಾ ನೋಡಿದ್ದಳು. ಕಾಳಿನ ಕ್ಷಮೆ ಕೇಳುತ್ತಿದ್ದರೆಂದು ತಿಳಿದಿರಲಿಲ್ಲ.

"ಸರಿ ಬಸು. ಈಗ ಹೇಳು, ಚಕ್ರದಲ್ಲಿ ಕಾಳೆಲ್ಲಿದೆ?"

"ಚಕ್ರದಾಗ ಎಲ್ಲಿಂದ ಬರಬೇಕು ಕಾಳು?" ಎಂದ ಅವನು.

"ಕಲ್ಲು ನಿಂತೇ ಇರಲಿ. ಒಂದು ಕಾಳೂ ಒಡೆಯೋದು ಬೇಡ. ನಂಗೆ ಬೇಕಾದ್ದು ನೆಲದ ಕೆಳಗಿನ ಚಕ್ರ ಬರಿದೇ ತಿರುಗೋದು, ಅಷ್ಟೇ. ಪಟ್ಟಾ ಬಿಚ್ಚೋಕೆ ಎಷ್ಟೊತ್ತು ಬೇಕು?"

"ಪಟ್ಟಾ ಬಿಚ್ಚೇ ಐತಲ್ಲ," ಎಂದ ಶರಣಬಸು ನಿಧಾನವಾಗಿ. "ಅಮಾಸಿ ದಿನ ಎಲ್ಲಾರೂ ಪಟ್ಟಾ ಬಿಚ್ಚಿ ತೊಳದು ಬಿಸಲಿಗೆ ಹಾಕಿರತಾರ. ಕಲ್ಲಿಗೂ ಚಕ್ರಕ್ಕೂ ಇವತ್ತ ಸಂಬಂಧನ ಇಲ್ಲ." ಆಮೇಲೆ ದನಿ ಏರಿಸಿ, "ಏ, ಇದು ಮೊದಲ ಯಾಕ ಹೇಳಲಿಲ್ಲ ನೀ?"

"ಮೊದಲು ಕೇಳಿರಲಿಲ್ಲ ಕಣೋ ನಾನು."

ಆಮೇಲಿನ ಎರಡು ಗಂಟೆ ಕೇಂದ್ರದಲ್ಲಿ ಯಾರೂ ಚಹಾ ಕುಡಿಯಲಿಲ್ಲ. ಶರಣಬಸುವಿನ ಧ್ವನಿ ಸಂಘದ ಮೊಬೈಲ್ ಗುಂಪಿಗೆ ಹೋಯಿತು. ಜುಲೇಖಾ ಅದನ್ನು ತನ್ನ ಮಾಮನ ಫೋನಿನಿಂದ ತರಿಸಿಕೊಂಡು ಎಲ್ಲರಿಗೂ ಕೇಳಿಸಿದಳು. "ಅಣ್ಣಾರ, ಕಾಕಾರ, ಎಲ್ಲಾರಿಗೂ ಶರಣು. ಕಾಳು ಒಡೀರಿ ಅನ್ನಾಕತ್ತಿಲ್ಲ ನಾ. ಕಲ್ಲು ಮಲಗಲಿ. ಕೆಳಗಿನ ಚಕ್ರ ಅಷ್ಟ ಎಬ್ಬಸ್ರಿ. ಅದಕ್ಕ ಕಾಳು ಗೊತ್ತಿಲ್ಲ, ಪಾಪ ಗೊತ್ತಿಲ್ಲ. ನಿಮ್ಮ ಸೊಸಿ ಒಂಬತ್ತು ವರ್ಷ ಓಡಾಡಿ ಹಾಕಸಿದ ಚಕ್ರ ಅದು. ಆಕಿ ಮಾನ ಇವತ್ತ ನಿಮ್ಮ ಕೈಯಾಗ ಐತಿ." ಇಂಚರಾ ಪರದೆಯ ಕಡೆ ತಿರುಗಿ ನಿಂತು ಕಣ್ಣೊರೆಸಿಕೊಂಡಳು.

ಎಲ್ಲ ಚಕ್ರಗಳನ್ನೂ ಒಮ್ಮೆಲೇ ಎಬ್ಬಿಸುವಂತಿರಲಿಲ್ಲ. ನಿಂತ ಚಕ್ರ ಏಳುವಾಗ ಗಬಗಬನೆ ಕರೆಂಟು ಎಳೆಯುತ್ತದೆ. ಎಲ್ಲವೂ ಕೂಡಿ ಎಳೆದರೆ ಹಳ್ಳಿಯ ಲೈನುಗಳು ಹಾರಿಹೋಗುತ್ತವೆ. ಅವಳು ಜಿಲ್ಲೆ ಜಿಲ್ಲೆಗೂ ಸರದಿ ಕೊಟ್ಟಳು, ಶರಣಬಸು ಅದನ್ನು ಸಾರಿದ. ಮೊದಲ ಸರದಿಯವರು ಎದ್ದು ಕಾಲು ಗಂಟೆಗೆ ಪೂರ್ತಿ ವೇಗ ಹಿಡಿದರೆ, ಆಮೇಲೆ ಮುಂದಿನವರು. ಏಳುವವರೇನು ಸುಮ್ಮನೆ ಎದ್ದರೇ? ಒಬ್ಬರು ಮತ್ತೊಂದು ಕಾಯಿ ಒಡೆಯಲೇಬೇಕೆಂದರು. ಇನ್ನೊಬ್ಬರು ಉಪವಾಸವಿದ್ದ ಅಜ್ಜಿಯ ಅಪ್ಪಣೆಗೆ ಕಾದರು. ಒಂದೂರಿನಲ್ಲಿ ಗಿರಣಿಯ ಕೀಲಿ ತೆಗೆದುಕೊಂಡು ಯಜಮಾನರು ಬೀಗರೂರಿಗೆ ಹೋಗಿದ್ದರು, ಬೀಗರೇ ಸ್ಕೂಟರಿನಲ್ಲಿ ಕೀಲಿ ತಂದುಕೊಟ್ಟರು. ಪರದೆಯ ಮೇಲೆ ಚುಕ್ಕೆಗಳು ಒಂದೊಂದಾಗಿ ಹಸಿರಾದವು. ನೂರಾಯಿತು. ಇನ್ನೂರ ಹತ್ತು. ಮುನ್ನೂರು.

ಹನ್ನೊಂದೂವರೆಗೆ ಮುನ್ನೂರ ಐವತ್ತೊಂಬತ್ತಕ್ಕೆ ಬಂದು ಲೆಕ್ಕ ನಿಂತಿತು. ಉಳಿದವರ ಫೋನು ಎತ್ತುವವರಿಲ್ಲ; ಉಂಡು ಮಲಗಿದ್ದರು.

"ಒಂದೇ ಒಂದು ಮಾರಾಯ್ರೆ," ಎಂದರು ಶೆಣೈ, ಕರವಸ್ತ್ರ ಹಿಂಡುತ್ತ. "ನಿಯಮ ಅಂದರೆ ನಿಯಮ. ಸಮಿತಿಯವರೂ ಎಣಿಸುತ್ತಾ ಇದ್ದಾರೆ."

ಇಂಚರಾ ಕರಿಗುಡ್ಡದ ಮೇಲಿದ್ದ ಕೆಂಪು ಚುಕ್ಕೆಯನ್ನೇ ದಿಟ್ಟಿಸಿದಳು. ನಂಬಿಕೆಯಾಗದೆ ಹತ್ತಿರ ಹೋಗಿ ನಂಬರು ಓದಿದಳು. ಒಂದು.

"ಬಸು!" ಎಂದು ಫೋನಿನಲ್ಲಿ ಕೂಗಿದಳು. "ಊರಿಗೆಲ್ಲ ಹೇಳ್ದೆ, ನಿನ್ನ ಚಕ್ರ ಎಲ್ಲಿ?"

ಆ ಕಡೆಯಿಂದ "ಅಯ್ಯ ಶಿವನ," ಎಂಬ ಉದ್ಗಾರ, ಪಾತ್ರೆ ಉರುಳಿದ ಸದ್ದು, ಅರವತ್ತೆರಡು ವರ್ಷದ ಕಾಲುಗಳು ಅಂಗಳ ದಾಟಿ ಓಡಿದ ಸದ್ದು. ಕೇಂದ್ರದಲ್ಲಿ ಎಲ್ಲರೂ ನಕ್ಕರು. ಶೆಣೈ ಕೂಡ ನಕ್ಕರು, ಬೆವರುತ್ತಲೇ.

ಹನ್ನೆರಡಕ್ಕೆ ನಾಲ್ಕು ನಿಮಿಷವಿರುವಾಗ ಒಂದನೇ ನಂಬರು ಹಸಿರಾಯಿತು.

ಕಲ್ಲಿದ್ದಲ ಘಟಕವನ್ನು ಬೇರ್ಪಡಿಸಿದರು. ಅಲ್ಲಿಂದ ಬರುತ್ತಿದ್ದ ದಪ್ಪ ಗೆರೆ ತೆಳುವಾಗುತ್ತ ಸೊನ್ನೆಗೆ ಬಂದು ಮಲಗಿತು. ಆರು ಜಿಲ್ಲೆಗಳು ಮೊದಲ ಸಲ ತಮ್ಮ ಬಿಸಿಲು, ತಮ್ಮ ಗಾಳಿ, ತಮ್ಮ ಚಕ್ರಗಳ ಮೇಲೆ ನಿಂತವು. ಮಿಡಿತ ಐವತ್ತು.

"ಲೈನು ಕಡಿಯಿರಿ," ಎಂದಿತು ವಿಡಿಯೋದಿಂದ ಒಂದು ಧ್ವನಿ.

ಜುಲೇಖಾ ಗುಂಡಿ ಒತ್ತಿದಳು. ಇನ್ನೂರು ಮೆಗಾವಾಟ್ ಬಿಸಿಲು ಒಮ್ಮೆಲೇ ಮಾಯವಾಯಿತು. ಅಂಕಿ ಇಳಿಯಿತು. ನಲವತ್ತೊಂಬತ್ತು ಪಾಯಿಂಟ್ ಎಂಟು. ಏಳು. ನಲವತ್ತೊಂಬತ್ತೂವರೆ ದಾಟಿ ಕೆಳಗಿಳಿದರೆ ಸೋಲು. ನಾಲ್ಕು ಹಳ್ಳಿ ಆಚೆ, ನೂರು ಹಳ್ಳಿ ಆಚೆ, ಅರಿಷಿಣ ಹಚ್ಚಿದ ಕಲ್ಲುಗಳ ಕೆಳಗೆ ಮುನ್ನೂರ ಅರವತ್ತು ಚಕ್ರಗಳು ತಮ್ಮ ಓಟದಲ್ಲಿ ಒಂದಿಷ್ಟನ್ನು ತೆಗೆದುಕೊಟ್ಟವು. ಪಾಯಿಂಟ್ ಆರು ಮೂರಕ್ಕೆ ಬಂದು ಅಂಕಿ ನಿಂತಿತು. ಅಷ್ಟರಲ್ಲಿ ಬ್ಯಾಟರಿಗಳು ಎದ್ದಿದ್ದವು. ಏಳು, ಎಂಟು, ಒಂಬತ್ತು. ಐವತ್ತು.

ಯಾವ ಊರಿನಲ್ಲೂ ಒಂದು ಫ್ಯಾನೂ ತಡವರಿಸಲಿಲ್ಲ. ಏನಾಯಿತೆಂದು ಆರು ಜಿಲ್ಲೆಗಳ ಜನಕ್ಕೆ ಗೊತ್ತೇ ಆಗಲಿಲ್ಲ. ಇಂಚರಾಳಿಗೆ ಅದೇ ದೊಡ್ಡ ಬಹುಮಾನ ಎನಿಸಿತು. ಶೆಣೈ ಮಾತ್ರ ತಡೆಯಲಾರದೆ ಜುಲೇಖಾಳ ಚಹಾದ ಲೋಟವನ್ನೇ ಎತ್ತಿ ಕುಡಿದುಬಿಟ್ಟರು. ಸಂಜೆ ಹೊರಡುವಾಗ ನೋಡಿದರೆ, ಯಾರೋ ದೊಡ್ಡ ಪರದೆಯ ಪಕ್ಕದಲ್ಲಿ ಮೊಳೆ ಹೊಡೆದು ಪಂಚಾಂಗದ ಕ್ಯಾಲೆಂಡರು ತೂಗುಹಾಕಿದ್ದರು.

ಆರು ಗಂಟೆಗೆ ಇಂಚರಾ ಮನೆಗೆ ಬಂದಾಗ ಶರಣಬಸು ಗಿರಣಿಯೊಳಗೆ ಚಾಪೆ ಹಾಸಿಕೊಂಡು ಕೂತಿದ್ದ. ಕಲ್ಲಿನ ಮೇಲೆ ಅರಿಷಿಣ, ಕುಂಕುಮ, ದಾಸವಾಳ. ಒಣಗಿದ ಪಟ್ಟಾ ಮೊಳೆಗೆ ನೇತಾಡುತ್ತಿತ್ತು.

"ಹೂರಣ ತಳ ಹತ್ತಿತು," ಎಂದ. "ನಿನ್ನ ಚಕ್ರದ ಸಲುವಾಗಿ."

"ಪಾಸಾದೆ ಬಸು."

"ಗೊತ್ತೈತಿ. ಸಂಘದಾಗ ಎಲ್ಲಾರೂ ನನಗ ಶಾಬಾಸಗಿರಿ ಕೊಡಾಕತ್ತಾರ, ನಾನ ಓದಿ ಪಾಸಾದಂಗ." ಹೆಮ್ಮೆಯನ್ನು ಅಡಗಿಸಲು ಅವನಿಗೆ ಎಂದೂ ಬಂದಿರಲಿಲ್ಲ. ಆಮೇಲೆ ಗಂಭೀರನಾದ. "ಆದ್ರ ಒಂದ ಮಾತು. ಕಲ್ಲಿಗೆ ಅಮಾಸಿ ಐತಿ. ಹಂಗಾರ ಚಕ್ರಕ್ಕ? ಅದಕ್ಕೂ ತಿಂಗಳಿಗೆ ಒಂದ ದಿನ ಬ್ಯಾಡೇನ? ಎಣ್ಣಿ ಬಿಡಬೇಕು, ಬೇರಿಂಗ ನೋಡಬೇಕು."

ಅವನು ಹೇಳಿದ್ದು ಎಂಜಿನಿಯರ್ ಮಾತೇ. ಇಂಚರಾ ಚಾಪೆಯ ಮೇಲೆ ಕೂತು ಕಾಗದ ತೆಗೆದಳು. ಎಲ್ಲ ಚಕ್ರಗಳೂ ಒಂದೇ ದಿನ ನಿಲ್ಲಬಾರದು, ಅಷ್ಟೇ. ತಿಂಗಳ ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ ಹದಿನಾಲ್ಕು ಚಕ್ರಗಳು ಮಲಗಬಹುದು, ಉಳಿದವು ಕಾಯುತ್ತವೆ. "ಒಂದೊಂದು ಗಿರಣಿಯವರೂ ತಮ್ಮ ದಿನ ತಾವೇ ಆರಿಸಿಕೊಳ್ಳಲಿ. ಮೊದಲ ನಂಬರು ನಿಂದು. ನಿಂಗೆ ಯಾವತ್ತು ಬೇಕು?"

ಶರಣಬಸು ಪೆನ್ಸಿಲು ಇಸಿದುಕೊಂಡು, ಒಂದನೇ ತಾರೀಖಿನ ಮುಂದೆ ತನ್ನ ಗಿರಣಿಯ ನಂಬರು ಬರೆದ.

"ಒಂದನೇ ತಾರೀಖು ಯಾಕೆ?"

"ಮುಂದಿನ ಒಂದನೇ ತಾರೀಖಿಗೆ ನಿನಗ ಡ್ಯೂಟಿ ಇಲ್ಲ. ರಿಟಾಯರ್ ಆಗಿರತಿ." ಅವನು ಕಾಗದದಿಂದ ಕಣ್ಣೆತ್ತಲಿಲ್ಲ. "ಇಪ್ಪತ್ತೆಂಟು ವರ್ಷ ಅಮಾಸಿ ಹೋಳಿಗಿ ನೀ ಇಲ್ಲದ ತಿಂದೀನಿ, ಅವ್ವ ಹೋದ ಮ್ಯಾಲಂತೂ ಒಬ್ಬಾಂವನ, ಇಂಚರಾ. ಉಂಡು ಮಲಗತಿದ್ದೆ ಅಂತ ನೀ ನಗತಿದ್ದಿ. ಒಬ್ಬನ ಕೂತು ಏನ ಮಾಡಬೇಕು ಹೇಳು?"

ನೆಪ ಎಂದು ಬೆಳಿಗ್ಗೆ ತಾನೇ ನಕ್ಕು ಹೋಗಿದ್ದಳು ಅವಳು. ಆರು ಜಿಲ್ಲೆಗಳ ಮಿಡಿತವನ್ನು ಸೆಕೆಂಡು ಸೆಕೆಂಡಿಗೂ ಕಾದವಳು ಈ ಒಬ್ಬನ ಅಮಾವಾಸ್ಯೆಗಳನ್ನು ಒಂದು ಸಲವೂ ಎಣಿಸಿರಲಿಲ್ಲ.

ಅವಳು ಕೈಚಾಚಿ ಅಂಗೈಯನ್ನು ನೆಲಕ್ಕೆ ಒತ್ತಿದಳು. ಕೆಳಗಿನಿಂದ ಗುಂಯ್ಯೆನ್ನುವ ನಡುಕ ಮೊಣಕೈವರೆಗೆ ಹತ್ತಿತು. ಗಂಡನ ಕೈಯನ್ನೂ ಎಳೆದು ಪಕ್ಕದಲ್ಲಿ ಇಡಿಸಿದಳು.

"ಗೊತ್ತಾಯ್ತಾ?"

"ಗೊತ್ತಾತು," ಎಂದ ಅವನು.

"ಒಂದನೇ ತಾರೀಖಿನವರೆಗೆ ಯಾರು ಕಾಯ್ತಾರೆ? ಅಮಾವಾಸ್ಯೆ ಇನ್ನೂ ಮುಗಿದಿಲ್ಲ. ಆ ತಳ ಹತ್ತಿದ ಹೋಳಿಗೆ ಎಷ್ಟಿದೆ?"

"ಆರು."

"ತಗೊಂಡು ಬಾ. ಎರಡು ತಟ್ಟೆ ಇಡು."